ಹಳೆಯ ಪೇಟೆಗಳ ಜೀರ್ಣೋದ್ಧಾರ

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆಲ್ಲ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತವಾದುದು. ದೇವಾಲಯವನ್ನಾಗಲಿ ಬಸದಿಯನ್ನಾಗಲಿ ಕಟ್ಟಿಸಿದ ದಾನಿಯು ಕಟ್ಟಿಸಿದಷ್ಟಕ್ಕೆ ಕೈ ತೊಳೆದುಕೊಳ್ಳುತ್ತಿದ್ದಿಲ್ಲ. ಮುಂದೆ ಅದು ಒಡೆದರೆ, ಬಿರಿದರೆ, ಸವೆದರೆ ಸರಿಪಡಿಸುವದಕ್ಕೆಂದು ಭೂಮಿಯನ್ನೋ ಸುಂಕದ ಉತ್ಪನ್ನವನ್ನೋ ಆಗಲೇ ಬಿಟ್ಟುಕೊಡುತ್ತಿದ್ದನು. ಹೊಸದಾಗಿ ಕೊಡುವದಕ್ಕಿಂತ ಕೊಟ್ಟುದನ್ನು ಕಾಯುವದೇ ಮಿಗಿಲಾದ ಪುಣ್ಯವೆಂದು ಅದೇ ಶಾಸನಗಳ ಕೊನೆಯಲ್ಲಿ ಹೇಳಿರುವದು. ಇಂಥ ಪೂರ್ವಿಕರ ಮಕ್ಕಳಾದ ನಾವು ಇಂದು ನಮ್ಮ ಪಟ್ಟಣಗಳ ಹಳೆಯ ಪೇಟೆಗಳನ್ನು ಯಾವ ಸ್ಥಿತಿಯಲ್ಲಿ ಇಟ್ಟಿದ್ದೇವೆ ಎಂಬದನ್ನು ವಾಚಕರು ಒಮ್ಮೆ ಶಾಂತಚಿತ್ತದಿಂದ ವಿಚಾರಿಸಬೇಕೆಂದು ನಮ್ಮ ವಿನಂತಿ.

ಈ ವಿಷಯದಲ್ಲಿ ಎರಡು ಪಕ್ಷಗಳ ಕೂಗು ನಮಗೆ ಕೇಳಿಬರುವದು. ಇಕ್ಕಟ್ಟಾದ ಓಣಿಗಳು, ಗಾಳಿ ಬೆಳಕಿಲ್ಲದ ಮನೆಗಳು, ತುಂಬಿ ಹರಿಯುವ ಚರಂಡಿಗಳು, ಇವೆಲ್ಲ ನಾಚಿಕೆಯ ಸಂಗತಿಗಳು, ಇವನ್ನು ಕೆಡಹಿ ನೇರವಾದ ರಸ್ತೆಗಳನ್ನು ಹಾಕುವದೇ ಸುಧಾರಣೆ ಎಂಬದು ಒಂದು ಪಕ್ಷ. ಹಳೆಯದೆಲ್ಲವೂ ಪವಿತ್ರ, ಒಂದು ಕಲ್ಲನ್ನೂ ಅಲುಗಿಸಕೂಡದು ಎಂಬದು ಮತ್ತೊಂದು. ಎರಡೂ ಪಕ್ಷಗಳವರು ಮಾತಾಡುವಾಗ ಪೇಟೆಯಲ್ಲಿ ವಾಸಿಸುವ ಮನುಷ್ಯನನ್ನು ಮರೆಯುತ್ತಾರೆ ಎಂಬದೇ ನಮ್ಮ ಮುಖ್ಯವಾದ ಆಕ್ಷೇಪ.

ಕೆಡಹುವ ಉತ್ಸಾಹವು ನಮ್ಮಲ್ಲಿ ಹೇಗೆ ಹುಟ್ಟಿತೆಂಬದನ್ನು ಮೊದಲು ನೋಡೋಣ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ತಲ್ಲಣಗೊಳಿಸಿತು. ಆ ಭೀತಿಯಿಂದಲೇ 1898ರಲ್ಲಿ ಮುಂಬಯಿಯ ಇಂಪ್ರೂವ್‌ಮೆಂಟ್ ಟ್ರಸ್ಟೂ 1903ರಲ್ಲಿ ಮೈಸೂರಿನ ಟ್ರಸ್ಟ್ ಬೋರ್ಡೂ ಹುಟ್ಟಿದವು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತಲೆಯೆತ್ತಿದವು. ಬಡಾವಣೆಗಳಿಂದ ಉಪಕಾರವಾಯಿತೆಂಬದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಮುಂಬಯಿಯ ಟ್ರಸ್ಟು ಆರಂಭದ ವರ್ಷಗಳಲ್ಲಿ ಕಟ್ಟಿದ್ದಕ್ಕಿಂತ ಹೆಚ್ಚು ಮನೆಗಳನ್ನು ಕೆಡಹಿತು. ಮನೆ ಕಳೆದುಕೊಂಡ ಬಡವರು ದೂರದ ಹೊಸ ಮನೆಗಳಿಗೆ ಹೋಗಲಾರದೆ ಪಕ್ಕದ ಓಣಿಗಳಲ್ಲಿಯೇ ಇನ್ನೂ ಒತ್ತಾಗಿ ತುಂಬಿಕೊಂಡರು. ಒಂದು ಓಣಿಯ ಇಕ್ಕಟ್ಟನ್ನು ಕಳೆಯಹೋಗಿ ಹತ್ತು ಓಣಿಗಳಿಗೆ ಅದನ್ನು ಹಂಚಿದಂತಾಯಿತು. ಅನುಕೂಲವುಳ್ಳವರು ಬಡಾವಣೆಗಳಿಗೆ ಹೋದ ಮೇಲೆ ಪೇಟೆಗಳ ಕಡೆಗೆ ತಿರುಗಿ ನೋಡುವವರೇ ಕಡಿಮೆಯಾದರು. ಅಂದಿನಿಂದ ಪೇಟೆಯೆಂದರೆ ರೋಗದ ಮನೆ ಎಂಬ ಭಾವನೆಯೇ ಅಧಿಕಾರಿಗಳ ತಲೆಯಲ್ಲಿ ಉಳಿಯಿತು. ರೋಗ ಹೋಯಿತು, ಭಾವನೆ ಮಾತ್ರ ಹೋಗಲಿಲ್ಲ.

ಪೇಟೆಯೆಂಬದು ನಿಜವಾಗಿ ಏನು? ಬೆಂಗಳೂರಿನ ಪೇಟೆಯನ್ನೇ ತೆಗೆದುಕೊಳ್ಳೋಣ. 1537ರಲ್ಲಿ ಕೆಂಪೇಗೌಡನು ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ನೇಗಿಲ ಗೆರೆ ಎಳೆಯಿಸಿ ಊರನ್ನು ಹಾಕಿಸಿದನೆಂದು ಐತಿಹ್ಯವಿರುವದು. ಬಳೇಪೇಟೆ, ಅರಳೇಪೇಟೆ, ಅಕ್ಕಿಪೇಟೆ, ತರಗುಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ: ಈ ಹೆಸರುಗಳೇ ಒಂದು ಚರಿತ್ರೆ. ಯಾವ ಕಸುಬಿನವರು ಎಲ್ಲಿ ಕುಳಿತರು, ಯಾವ ಸರಕು ಎಲ್ಲಿ ಇಳಿಯುತ್ತಿತ್ತು ಎಂಬದನ್ನು ಪುಸ್ತಕವಿಲ್ಲದೆಯೇ ಬಾಲಕನೂ ಓದಬಹುದು. ಕೆಳಗೆ ಅಂಗಡಿ, ಹಿಂದೆ ಉಗ್ರಾಣ, ಮೇಲೆ ವಾಸ. ದಾರದ ಅಂಗಡಿಗೆ ನಾಲ್ಕು ಹೆಜ್ಜೆಯಲ್ಲಿ ಬಟ್ಟೆಯ ಅಂಗಡಿ, ಅಲ್ಲಿಂದ ನಾಲ್ಕು ಹೆಜ್ಜೆಯಲ್ಲಿ ಹೊಲಿಯುವವನು. ಸಣ್ಣ ಬಂಡವಾಳದವನು ಇಲ್ಲಿ ಬದುಕುವದು ಈ ಸಾಮೀಪ್ಯದ ಬಲದಿಂದಲೇ. ಚೈತ್ರ ಪೌರ್ಣಮಿಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗವು ಇವೇ ಬೀದಿಗಳಲ್ಲಿ ಸಂಚರಿಸಿ ಮಸ್ತಾನ್ ಸಾಹೇಬರ ದರ್ಗಾದ ಬಳಿ ನಿಂತು ಗೌರವ ಪಡೆದು ಮುಂದೆ ಸಾಗುವದು. ಬೀದಿಯನ್ನು ಅಳಿಸಿದರೆ ಈ ನಡೆಯೂ ಅಳಿಯುವದು. ಇದನ್ನು ಯಾವ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿಯೂ ಇಡಲಾಗದು.

ಇಂಥ ದೊಡ್ಡಪೇಟೆಯ ಬೀದಿಯನ್ನು, ಅಂದರೆ ಇಂದಿನ ಅವೆನ್ಯೂ ರಸ್ತೆಯನ್ನು, ಅಗಲಗೊಳಿಸಬೇಕೆಂಬ ಪ್ರಸ್ತಾಪ ಈ ಶತಮಾನದ ಆರಂಭದ ದಶಕಗಳಲ್ಲಿ ಬಂದಿತು. ವ್ಯಾಪಾರಿಗಳು ಒಕ್ಕೊರಲಿನಿಂದ ವಿರೋಧಿಸಿದರು. ಅವರು ಸ್ವಾರ್ಥಿಗಳು, ಊರಿನ ಪ್ರಗತಿಗೆ ಅಡ್ಡ ನಿಂತವರು ಎಂದು ಆಗ ಅನೇಕರು ಅಂದರು. ಲೆಕ್ಕ ಹಾಕಿ ನೋಡಬೇಕು. ಎಂಟು ಹತ್ತು ಅಡಿ ಅಗಲದ ಮಳಿಗೆಯ ಮುಂಭಾಗವನ್ನು ಕತ್ತರಿಸಿದರೆ ಹಿಂದೆ ಉಳಿಯುವದು ಅಂಗಡಿಯಲ್ಲ, ಗೋಡೆ. ಪರಿಹಾರವಾದರೂ ಭೂಮಿಯ ಒಡೆಯನಿಗೆ ಸಲ್ಲುವದು. ಮೂರು ತಲೆಮಾರು ಬಾಡಿಗೆಗೆ ಕುಳಿತು ಗಿರಾಕಿಗಳನ್ನು ಗಳಿಸಿದವನಿಗೆ, ಅವನ ಗುಮಾಸ್ತನಿಗೆ, ಮೂಟೆ ಹೊರುವವನಿಗೆ ದೊರೆಯುವದು ಅಲ್ಪ, ಇಲ್ಲವೆ ಶೂನ್ಯ. ಇಷ್ಟು ಜನರನ್ನು ಕದಲಿಸಿ ಪಡೆದ ಅಗಲವಾದರೂ ಎಷ್ಟು ದಿನ ಬಾಳುವದು? ಅಗಲವಾದ ರಸ್ತೆಯು ಹೊಸ ವಾಹನಗಳನ್ನು ತಾನೇ ಕರೆತರುವದೆಂಬದು ಲೋಕದ ದೊಡ್ಡ ಪಟ್ಟಣಗಳ ಅನುಭವ. ಪೇಟೆಯ ಇಕ್ಕಟ್ಟಿಗೆ ಮುಖ್ಯ ಕಾರಣವು ನಡೆಯುವ ಜನವಲ್ಲ, ನಿಂತ ವಾಹನ ಮತ್ತು ಹಗಲು ಹೊತ್ತಿನಲ್ಲಿ ಸರಕು ಇಳಿಸುವ ಲಾರಿ. ಇವುಗಳ ಹೊತ್ತನ್ನೂ ಜಾಗವನ್ನೂ ಗೊತ್ತುಪಡಿಸುವದಕ್ಕೆ ಒಂದು ಗೋಡೆಯನ್ನೂ ಕೆಡಹಬೇಕಾಗಿಲ್ಲ.

ಹಾಗಾದರೆ ಇದ್ದುದನ್ನು ಇದ್ದಂತೆ ಬಿಡಬೇಕೇ? ಖಂಡಿತವಾಗಿ ಅಲ್ಲ. ಉದಾಸೀನವೂ ಒಂದು ಬಗೆಯ ಕೆಡಹುವಿಕೆಯೇ. ಅದು ನಿಧಾನ, ಮತ್ತು ಕೆಲವು ಸಲ ಕೊಲೆಗಾರ. ಮೈಸೂರಿನಲ್ಲಿ 1892ರಲ್ಲಿ ವೈಸರಾಯನ ಹೆಸರಿನಿಂದ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ಅಲ್ಲಿಗೆ ಸಮೀಪದ ದೇವರಾಜ ಮಾರುಕಟ್ಟೆಯ ಒಂದು ಭಾಗವು 2016ರ ಆಗಸ್ಟಿನಲ್ಲಿ ನೆಲಕ್ಕುರುಳಿತು. ಆಮೇಲೆ ಕೆಡಹಿ ಕಟ್ಟಬೇಕೋ ದುರಸ್ತಿ ಮಾಡಬೇಕೋ ಎಂಬ ವಾದವು ವರ್ಷಗಟ್ಟಲೆ ನಡೆದು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಹೂವು, ವೀಳ್ಯದೆಲೆ, ಕುಂಕುಮ ಮಾರುವವರು ಮಾತ್ರ ಆ ಎಲ್ಲ ವರ್ಷಗಳಲ್ಲಿ ಬಿರುಕು ಬಿಟ್ಟ ಗೋಡೆಗಳ ನಡುವೆಯೇ ತಮ್ಮ ಹೊಟ್ಟೆ ಹೊರೆದರು. ಬೆಂಗಳೂರಿನ ಲಾಲ್‌ಬಾಗಿನಲ್ಲಿದ್ದ ಕ್ರುಂಬಿಗಲ್ ಸಭಾಂಗಣವು ವರ್ಷಾನುವರ್ಷ ಪಾಳುಬಿದ್ದು 2017ರಲ್ಲಿ ನೆಲಸಮವಾಯಿತು. ಕಟ್ಟಡ ಬೀಳುವ ತನಕ ಯಾರೂ ಕೇಳುವದಿಲ್ಲ. ಬಿದ್ದ ಮೇಲೆ, ಅಪಾಯಕಾರಿಯಾದ್ದರಿಂದ ಉಳಿದುದನ್ನೂ ಕೆಡಹಬೇಕೆನ್ನುತ್ತಾರೆ. ರೋಗಿಗೆ ಔಷಧ ಕೊಡದೆ, ಅವನು ಸತ್ತ ಮೇಲೆ ಅವನ ದೇಹಬಲವೇ ಸಾಲದಾಗಿತ್ತೆಂದು ವೈದ್ಯನು ಹೇಳಿದಂತಾಯಿತು ಇದು.

ಕಟ್ಟಡಗಳು ಏಕೆ ಬೀಳುತ್ತವೆ? ಮುಪ್ಪಿನಿಂದಲ್ಲ. ಗಾರೆಯ ಗೋಡೆ, ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದರಾಸು ತಾರಸಿ, ಇವು ನೋಡಿಕೊಂಡರೆ ಶತಮಾನಗಳ ಕಾಲ ಬಾಳುವಂಥವು. ಮೊದಲು ಮಳೆನೀರಿನ ದೋಣಿ ಕಟ್ಟಿಕೊಳ್ಳುವದು. ನೀರು ನಿಂತಲ್ಲಿ ಅರಳಿಯ ಸಸಿ ಬೇರೂರುವದು. ಬೇರಿನ ಬಿರುಕಿನಿಂದ ನೀರು ಇಳಿದು ತೊಲೆಯ ತುದಿ ಕೊಳೆಯುವದು. ಆಗ ಯಾರೋ ಗುತ್ತಿಗೆದಾರನು ಬಂದು ಸಿಮೆಂಟು ಬಳಿಯುವನು. ಗಾರೆಯು ತೇವವನ್ನು ಹೀರಿ ಹೊರಗೆ ಬಿಡುವದು. ಸಿಮೆಂಟು ಅದನ್ನು ಒಳಗೇ ಬಂಧಿಸುವದು. ಮೇಲೆ ನುಣುಪು, ಒಳಗೆ ಕೊಳೆತ. ವರ್ಷಕ್ಕೊಮ್ಮೆ ಮಳೆಗಾಲದ ಮೊದಲು ದೋಣಿ ತೆಗೆಯಿಸಿ ಸಸಿ ಕೀಳಿಸಿದ್ದರೆ ಉಳಿಯಬಹುದಾಗಿದ್ದ ಕಟ್ಟಡಗಳು ನಮ್ಮಲ್ಲಿ ಎಷ್ಟೋ ಹೋಗಿವೆ.

ಇದಕ್ಕೆ ಕಾನೂನಿನ ಕಾರಣಗಳೂ ಕೂಡಿಕೊಂಡಿವೆ. ಪೇಟೆಯ ಅನೇಕ ಮನೆಗಳು ಅಜ್ಜನ ಹೆಸರಿನಲ್ಲಿಯೇ ಇವೆ. ವಾಂಟಣೆಯ ದಾವೆ ಇತ್ಯರ್ಥವಾಗದೆ ಹತ್ತಾರು ಹಕ್ಕುದಾರರಲ್ಲಿ ಒಬ್ಬನೂ ಹಂಚು ಬದಲಿಸುವ ವೆಚ್ಚಕ್ಕೆ ಕೈ ಹಾಕುವದಿಲ್ಲ. 1961ರ ಬಾಡಿಗೆ ನಿಯಂತ್ರಣದ ಕಾಯದೆಯು ಬಡ ಬಾಡಿಗೆದಾರನನ್ನು ಕಾಯುವದಕ್ಕೆ ಬಂದಿತು, ಅದು ನ್ಯಾಯವೇ. ಆದರೆ ಬಾಡಿಗೆಯು ಗೋಡೆಗೆ ಸುಣ್ಣ ಹೊಡೆಯುವದಕ್ಕೂ ಸಾಲದಂತಾದಾಗ ಒಡೆಯನು ಮನೆಯು ಬೀಳುವದನ್ನೇ ಕಾಯತೊಡಗಿದನು. ಅದರ ಸ್ಥಾನಕ್ಕೆ ಬಂದ 1999ರ ಕಾಯದೆಯಿಂದಲೂ ಈ ಗಂಟು ಪೂರ್ತಿ ಬಿಚ್ಚಿಲ್ಲ. ಒಡೆಯನಿಗೆ ಮನಸ್ಸಿಲ್ಲ, ಬಾಡಿಗೆದಾರನಿಗೆ ಅಧಿಕಾರವಿಲ್ಲ, ಮುನಿಸಿಪಾಲಿಟಿಗೆ ಸಮಯವಿಲ್ಲ. ಮೂವರ ನಡುವೆ ಮನೆಯು ಅನಾಥವಾಗುವದು.

ಮೂರನೆಯ ತಪ್ಪೊಂದಿದೆ, ಅದು ಸಂರಕ್ಷಣೆಯ ಹೆಸರಿನಲ್ಲಿಯೇ ನಡೆಯುವದು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪಿಯಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಸಾಲುಮಂಟಪಗಳಲ್ಲಿ ಜನರು ಮನೆ ಅಂಗಡಿಗಳನ್ನು ಮಾಡಿಕೊಂಡು ಬಾಳುತ್ತಿದ್ದರು. ಮಂಟಪಗಳಿಗೆ ಇಟ್ಟಿಗೆ ಸಿಮೆಂಟುಗಳನ್ನು ಸೇರಿಸಿ ಅವರು ಕೆಲವೆಡೆ ಹಾನಿ ಮಾಡಿದ್ದರೆಂಬದು ನಿಜ. ಆದರೆ 2011ರ ಜುಲೈಯಲ್ಲಿ ಯಂತ್ರಗಳು ಬಂದು ನೂರಾರು ಕುಟುಂಬಗಳನ್ನು ಎಬ್ಬಿಸಿದ ರೀತಿಯನ್ನು ಯಾವ ನ್ಯಾಯವಾದಿಯೂ ಸಮಾಧಾನದಿಂದ ಒಪ್ಪಲಾರನು. ಮನೆಗಳು ಮೊದಲು ಬಿದ್ದವು, ಕಡ್ಡಿರಾಂಪುರದ ಪುನರ್ವಸತಿಯ ಮಾತು ಆಮೇಲೆ ವರ್ಷಗಟ್ಟಲೆ ಕುಂಟಿತು. ವಿಜಯನಗರದ ಕಾಲದಲ್ಲಿ ಅದು ಬಜಾರವಾಗಿತ್ತೆಂದು ಎಲ್ಲರೂ ಓದುತ್ತಾರೆ. ಮಾರುವವನೂ ಕೊಳ್ಳುವವನೂ ಇಲ್ಲದ ಬಜಾರವು ಯಾವ ಬಜಾರ?

ಈ ಮೂರೂ ತಪ್ಪುಗಳ ಬುಡದಲ್ಲಿ ನಮ್ಮ ಕಾಯದೆಗಳ ದೃಷ್ಟಿದೋಷವಿದೆ. 1904ರ ಪ್ರಾಚೀನ ಸ್ಮಾರಕಗಳ ಕಾಯದೆಯಿಂದ 1958ರ ಕಾಯದೆಯ ವರೆಗೆ ಅವೆಲ್ಲ ಬಿಡಿ ಸ್ಮಾರಕವನ್ನು ನೋಡುವವು, ಬೀದಿಯನ್ನು ನೋಡಲಾರವು. 2010ರ ತಿದ್ದುಪಡಿಯು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರುಗಳನ್ನು ನಿಷೇಧಿತವೆಂದೂ, ಅದರಾಚೆ 200 ಮೀಟರುಗಳನ್ನು ನಿಯಂತ್ರಿತವೆಂದೂ ಸಾರಿತು. ವಿಜಾಪುರದಂಥ ಊರಿನಲ್ಲಿ, ಹೆಜ್ಜೆಹೆಜ್ಜೆಗೂ ಗುಮ್ಮಟ ಮಸೀದಿಗಳಿರುವಲ್ಲಿ, ಇದರ ಪರಿಣಾಮವನ್ನು ವಾಚಕರು ಊಹಿಸಬಹುದು: ಗುಮ್ಮಟದ ನೆರಳಿನ ಬಡವನು ಸ್ವಂತ ಮನೆಯ ದುರಸ್ತಿಗೂ ಅನುಮತಿ ಬೇಡಬೇಕು, 300 ಮೀಟರುಗಳ ಆಚೆ ನೂರು ವರ್ಷದ ಮರದ ಕೆತ್ತನೆಯ ಮನೆಯನ್ನು ಯಾರು ಬೇಕಾದರೂ ಒಂದು ರಾತ್ರಿಯಲ್ಲಿ ಕೆಡಹಬಹುದು. ಸುಲ್ತಾನನ ಗೋರಿಗೆ ಕಾವಲಿದೆ; ನೇಕಾರನ ಓಣಿಗೆ, ಸಾವಕಾರನ ವಾಡೆಗೆ, ಸಾರ್ವಜನಿಕ ಬಾವಿಗೆ ಇಲ್ಲ.

ಹಾಗಾದರೆ ದಾರಿ ಯಾವದು? ಅದನ್ನು ನೂರು ವರ್ಷಗಳ ಹಿಂದೆಯೇ ಒಬ್ಬ ಸ್ಕಾಟಿಷ್ ವಿದ್ವಾಂಸನು ನಮ್ಮ ದೇಶದಲ್ಲಿಯೇ ತೋರಿಸಿಕೊಟ್ಟನು. ಪ್ಯಾಟ್ರಿಕ್ ಗೆಡ್ಡೆಸ್ ಮೂಲತಃ ಜೀವಶಾಸ್ತ್ರಜ್ಞ. 1886ರಲ್ಲಿ ಎಡಿನ್‌ಬರೋ ನಗರದ ಹಳೆಯ ಪೇಟೆಯು ಕೊಳಕಿನ ತವರಾಗಿದ್ದಾಗ ಅವನು ಹೆಂಡತಿಯೊಡನೆ ಅಲ್ಲಿಯೇ ಬಿಡಾರ ಮಾಡಿ, ನೆರೆಯವರನ್ನು ಕೂಡಿಸಿ, ಒಂದೊಂದೇ ಅಂಗಳವನ್ನು ಶುಚಿಗೊಳಿಸುತ್ತ ಹೋದನು. 1914ರಲ್ಲಿ ಹಿಂದುಸ್ತಾನಕ್ಕೆ ಬಂದನು. ಅವನ ನಗರ ಪ್ರದರ್ಶನದ ಸಾಮಗ್ರಿಯನ್ನು ಹೊತ್ತ ಹಡಗನ್ನು ಜರ್ಮನರ ‘ಎಂಡೆನ್’ ಮುಳುಗಿಸಿತು. ಎದೆಗುಂದದೆ ಮತ್ತೆ ಕೂಡಿಸಿ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶಿಸಿದನು. ಆಗ ಮದರಾಸು ಪ್ರಾಂತದ ಊರುಗಳನ್ನು ಕುರಿತು ಅವನು ಬರೆದ ವರದಿಗಳಲ್ಲಿ ನಮ್ಮ ಬಳ್ಳಾರಿಯೂ ಸೇರಿತ್ತು.

ಅವನ ಪದ್ಧತಿಯನ್ನು ಸಂರಕ್ಷಕ ಶಸ್ತ್ರಚಿಕಿತ್ಸೆ ಎನ್ನಬಹುದು. ಕಚೇರಿಯಲ್ಲಿ ಕುಳಿತು ನಕ್ಷೆಯ ಮೇಲೆ ಪಟ್ಟಿಯಿಟ್ಟು ಗೆರೆಯೆಳೆಯುವದನ್ನು ಅವನು ತಿರಸ್ಕರಿಸಿದನು. ಮೊದಲು ಓಣಿ ಓಣಿ ನಡೆಯಬೇಕು, ಮನೆ ಮನೆ ನೋಡಬೇಕು. ಯಾವದು ನಿಜವಾಗಿ ಬೀಳುವಂತಿದೆ, ಯಾವದು ಗಟ್ಟಿಯಾಗಿದೆ, ಬಾವಿ ಎಲ್ಲಿದೆ, ಮರ ಎಲ್ಲಿದೆ, ಗುಡಿ ಎಲ್ಲಿದೆ ಎಂದು ಬರೆದುಕೊಳ್ಳಬೇಕು. ಆಮೇಲೆ ಬಿದ್ದುಹೋದ ಮನೆಗಳ ಜಾಗಗಳನ್ನಷ್ಟೇ ತೆರವುಗೊಳಿಸಿ, ಅವನ್ನು ಒಂದಕ್ಕೊಂದು ಕೂಡಿಸಿ, ಸಣ್ಣ ಸಣ್ಣ ಬಯಲುಗಳನ್ನು ಮಾಡಿ, ಗಿಡ ನೆಟ್ಟು, ಗಾಳಿ ಬೆಳಕು ಆಡುವಂತೆ ಮಾಡಬೇಕು. ತಂಜಾವೂರಿನಲ್ಲಿ ಮನೆಗಳನ್ನು ಸೀಳಿಕೊಂಡು ಹೋಗುವ ನೇರ ರಸ್ತೆಯ ಯೋಜನೆಗೆ ಎದುರಾಗಿ ಅವನು ಇಂಥದೇ ನಕ್ಷೆಯನ್ನಿಟ್ಟು, ಎಷ್ಟೋ ಕಡಿಮೆ ವೆಚ್ಚದಲ್ಲಿ, ಎಷ್ಟೋ ಕಡಿಮೆ ಕುಟುಂಬಗಳನ್ನು ಕದಲಿಸಿ ಅದೇ ಫಲವನ್ನು ಪಡೆಯಬಹುದೆಂದು ತೋರಿಸಿದನು. ಇಂದೂರಿನಲ್ಲಿ ಪ್ಲೇಗಿನ ಕಾಲದಲ್ಲಿ ದೀಪಾವಳಿಯ ಮೆರವಣಿಗೆಯನ್ನು ಹೂಡಿದನು; ಯಾವ ಬೀದಿಯವರು ಮನೆಗಳನ್ನು ಹೆಚ್ಚು ಶುಚಿ ಮಾಡಿ ಸರಿಪಡಿಸುವರೋ ಆ ಬೀದಿಯಲ್ಲಿಯೇ ಮೆರವಣಿಗೆ ಬರುವದೆಂದು ಸಾರಿಸಿದನು. ಸರಕಾರದ ನೋಟೀಸುಗಳಿಂದ ಆಗದ ಕೆಲಸವು ಈ ಒಂದು ಸಾರಿಕೆಯಿಂದ ಆಯಿತು. ಜನರನ್ನು ಶತ್ರುಗಳೆಂದು ಎಣಿಸದೆ ಅವರ ಅಭಿಮಾನವನ್ನೇ ಸಾಧನವಾಗಿ ಮಾಡಿಕೊಂಡದ್ದು ಅವನ ಹೆಚ್ಚುಗಾರಿಕೆ.

ಇದೆಲ್ಲ ಹಳೆಯ ಕತೆ, ಇಂದಿನ ಕಾಲಕ್ಕೆ ಸಲ್ಲದೆನ್ನುವವರು ಮುಂಬಯಿಯನ್ನು ನೋಡಲಿ. ಅಲ್ಲಿ 1995ರಿಂದ ಬಿಡಿ ಕಟ್ಟಡಗಳನ್ನಷ್ಟೇ ಅಲ್ಲದೆ ಇಡಿಯ ಪ್ರದೇಶಗಳನ್ನೂ ಪಟ್ಟಿ ಮಾಡಿ ಮೂರು ಶ್ರೇಣಿಗಳಾಗಿ ವಿಂಗಡಿಸಿ ಕಾಯುವ ನಿಯಮಗಳು ಬಂದವು. ಅಹಮದಾಬಾದು 1996ರಲ್ಲಿಯೇ ನಗರಸಭೆಯಲ್ಲಿ ಪರಂಪರೆಯ ವಿಭಾಗವನ್ನು ತೆರೆಯಿತು. ಹೆಬ್ಬಾಗಿಲುಳ್ಳ ಪೋಳಗಳು, ಮರದ ಹವೇಲಿಗಳು, ಹಕ್ಕಿಗಳಿಗೆ ಕಾಳು ಹಾಕುವ ಚಬೂತರೆಗಳು, ಮನೆಯ ಅಂಗಳದಡಿಯ ಮಳೆನೀರಿನ ಟಾಂಕಿಗಳು ಸಹಿತವಾಗಿ ಆ ಕೋಟೆಯೊಳಗಿನ ಊರು 2017ರಲ್ಲಿ ಹಿಂದುಸ್ತಾನದ ಮೊದಲನೆಯ ವಿಶ್ವಪರಂಪರೆಯ ನಗರವೆನಿಸಿತು. ಅಲ್ಲಿಯೂ ಮನೆಗಳು ಬೀಳುತ್ತವೆ, ಗೋದಾಮುಗಳಾಗುತ್ತವೆ. ಎಲ್ಲವೂ ಸರಿಹೋಯಿತೆಂದು ನಾವು ಹೇಳುವದಿಲ್ಲ. ಆದರೆ ಹಳೆಯ ಮನೆಯನ್ನು ಉಳಿಸಿಕೊಂಡ ಒಡೆಯನು, ತಾನು ಕಟ್ಟದೆ ಬಿಟ್ಟ ಅಂತಸ್ತುಗಳ ಹಕ್ಕನ್ನು ಬೇರೆಡೆ ಕಟ್ಟುವವನಿಗೆ ಮಾರಿ ಬಂದ ಹಣವನ್ನು ದುರಸ್ತಿಗೆ ಬಳಸಬಹುದಾದ ಏರ್ಪಾಡು ಅಲ್ಲಿದೆ. ನಮ್ಮಲ್ಲಿ ರಸ್ತೆಗೆ ಜಾಗ ಬಿಟ್ಟವನಿಗೆ ಇಂಥ ಹಕ್ಕಿನ ಪತ್ರ ಕೊಡುವ ಪದ್ಧತಿಯಿದೆ. ಕೆಡಹಿದವನಿಗೆ ಕೊಡುವ ಬಹುಮಾನವನ್ನು ಉಳಿಸಿದವನಿಗೂ ಅಷ್ಟೇ ಸುಲಭವಾಗಿ ಕೊಡುವದರಲ್ಲಿ ಅನ್ಯಾಯವೇನು?

ಬೆಂಕಿ ಬಿದ್ದರೆ ಬಂಬು ಹೇಗೆ ಹೋಗಬೇಕು, ರೋಗಿಯ ವಾಹನ ಹೇಗೆ ಹೋಗಬೇಕು ಎಂಬ ಆಕ್ಷೇಪವು ತೂಕವುಳ್ಳದ್ದು. ಅದನ್ನು ನಗೆಯಾಡಿ ತಳ್ಳುವವರು ಪೇಟೆಯ ಹಿತೈಷಿಗಳಲ್ಲ. ಆದರೆ ಸಣ್ಣ ಓಣಿಗೆ ಸಣ್ಣ ಬಂಬು, ಚೌಕ ಚೌಕಕ್ಕೆ ನೀರಿನ ಕೊಳವೆ, ಜೋತಾಡುವ ವಿದ್ಯುತ್ ತಂತಿಗಳನ್ನು ನೆಲದಡಿಗೆ ಇಳಿಸುವದು, ಇವು ಆ ಆಕ್ಷೇಪಕ್ಕೆ ಉತ್ತರಗಳು. ಸ್ವಂತ ಮನೆಯನ್ನು ಕೆಡಹುವ ಹಕ್ಕು ಒಡೆಯನಿಗಿಲ್ಲವೇ ಎಂದು ಕೇಳುವವರೂ ಇದ್ದಾರೆ. ಇದೆ, ಆದರೆ ಸಮಾಜವು ಆ ಮನೆಯನ್ನು ತನ್ನ ಆಸ್ತಿಯೆಂದು ಹೊಗಳುವದಾದರೆ ಅದನ್ನು ಕಾಯುವ ವೆಚ್ಚದಲ್ಲಿ ತಾನೂ ಪಾಲುಗೊಳ್ಳಬೇಕು. ಹೊಗಳಿಕೆಯನ್ನು ಸಮಾಜಕ್ಕೂ ಖರ್ಚನ್ನು ಒಡೆಯನಿಗೂ ಹಂಚುವದು ಧರ್ಮವಲ್ಲ.

ನಮ್ಮ ಸೂಚನೆಗಳು ಸರಳವಾಗಿವೆ. ಒಂದನೆಯದಾಗಿ, ಪ್ರತಿಯೊಂದು ಮುನಿಸಿಪಾಲಿಟಿಯು ಹಳೆಯ ಪೇಟೆಯ ಮನೆ, ಬಾವಿ, ಕಟ್ಟೆ, ಹೆಬ್ಬಾಗಿಲು, ಮಾರುಕಟ್ಟೆಗಳ ಪಟ್ಟಿಯನ್ನು ಸ್ಥಳಪರೀಕ್ಷೆಯಿಂದ ಸಿದ್ಧಗೊಳಿಸಿ ಪ್ರಕಟಿಸಬೇಕು. 1992ರ ಸಂವಿಧಾನದ ತಿದ್ದುಪಡಿಯು ನಗರ ಯೋಜನೆಯನ್ನು ಪಟ್ಟಣಸಭೆಗಳ ಕಾರ್ಯಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆದಿರುವದು. ಅಧಿಕಾರವಿಲ್ಲವೆಂಬ ನೆಪ ಸಲ್ಲದು. ಎರಡನೆಯದಾಗಿ, ವಾರ್ಷಿಕ ಆಯವ್ಯಯದಲ್ಲಿ ಜೀರ್ಣೋದ್ಧಾರ ನಿಧಿಯೊಂದನ್ನು ತೆಗೆದಿಟ್ಟು, ಒಡೆಯನಿಗೂ ಬಾಡಿಗೆದಾರನಿಗೂ ದುರಸ್ತಿಗೆ ಸಹಾಯಧನ ಕೊಡಬೇಕು. ಮೂರನೆಯದಾಗಿ, ಗಾರೆಯ ಕೆಲಸ ಬಲ್ಲ ಮುದುಕ ಕಸುಬುದಾರರ ಕೈಕೆಳಗೆ ತರುಣರನ್ನು ತರಬೇತುಗೊಳಿಸಬೇಕು. ಕೈಗಳೇ ಇಲ್ಲವಾದರೆ ನಿಧಿಯಿಂದ ಏನು ಪ್ರಯೋಜನ? ನಾಲ್ಕನೆಯದಾಗಿ, ಎಬ್ಬಿಸುವದು ಅನಿವಾರ್ಯವಾದಲ್ಲಿ ಹೊಸ ಮನೆಯ ಬೀಗದ ಕೈ ಕೊಟ್ಟ ಮೇಲೆಯೇ ಹಳೆಯ ಮನೆಯ ಬಾಗಿಲು ಮುಟ್ಟಬೇಕು. ಬೀದಿ ವ್ಯಾಪಾರಿಗಳ 2014ರ ಕಾಯದೆಯ ಅನುಬಂಧವು, ಐವತ್ತು ವರ್ಷಗಳಿಗೂ ಮಿಕ್ಕಿ ನಡೆದುಬಂದ ಸಹಜ ಸಂತೆಗಳನ್ನು ಪರಂಪರೆಯ ಮಾರುಕಟ್ಟೆಗಳೆಂದು ಸಾರಬೇಕು, ಅಲ್ಲಿಯವರನ್ನು ಎಬ್ಬಿಸಕೂಡದು ಎಂದು ಹೇಳಿರುವದು. ಈ ಮಾತು ಎಷ್ಟು ಊರುಗಳಲ್ಲಿ ಕಾಗದದಿಂದ ನೆಲಕ್ಕೆ ಇಳಿದಿದೆ ಎಂದು ವಾಚಕರು ತಮ್ಮ ತಮ್ಮ ಸದಸ್ಯರನ್ನು ಕೇಳಲಿ.

ಸರಕಾರವನ್ನು ದೂರಿ ಸುಮ್ಮನಾಗುವದು ನಮ್ಮ ರೀತಿಯಲ್ಲ. ಬೆಂಗಳೂರಿನ ಅಠಾರಾ ಕಚೇರಿಯು 1868ರ ಕಟ್ಟಡ. 1980ರ ದಶಕದಲ್ಲಿ ಅದನ್ನು ಕೆಡಹುವ ಮಾತು ಬಂದಾಗ ನಾಗರಿಕರು ದನಿಯೆತ್ತಿದರು, ನ್ಯಾಯಾಲಯಕ್ಕೂ ಹೋದರು. ಇಂದು ಆ ಕೆಂಪು ಕಟ್ಟಡವಿಲ್ಲದ ಬೆಂಗಳೂರನ್ನು ಯಾರೂ ಕಲ್ಪಿಸಲಾರರು. ಸಂವಿಧಾನವು ನಾಗರಿಕನ ಕರ್ತವ್ಯಗಳಲ್ಲಿ ಪರಂಪರೆಯ ರಕ್ಷಣೆಯನ್ನೂ ಎಣಿಸಿರುವದು. ಶಾಲೆಯ ಉಪಾಧ್ಯಾಯರು ಒಂದು ರವಿವಾರ ಹುಡುಗರನ್ನು ಕರೆದುಕೊಂಡು ಒಂದು ಓಣಿಯನ್ನು ನಡೆದು, ಮನೆಗಳ ವಯಸ್ಸನ್ನೂ ಬಾವಿಯ ಹೆಸರನ್ನೂ ಹಿರಿಯರ ಬಾಯಿಂದ ಕೇಳಿ ಬರೆಯಿಸಲಿ. ಮುನಿಸಿಪಾಲಿಟಿ ಮಾಡದ ಪಟ್ಟಿಯು ಒಂದು ವರ್ಷದಲ್ಲಿ ಶಾಲೆಯ ಪುಸ್ತಕದಲ್ಲಿ ಸಿದ್ಧವಾಗುವದು. ವಕೀಲ ಬಂಧುಗಳು ಪೇಟೆಯ ಒಂದೊಂದು ವಾಂಟಣೆಯ ದಾವೆಯನ್ನಾದರೂ ರಾಜಿಯಲ್ಲಿ ಮುಗಿಸಿಕೊಡಲಿ. ಪೇಟೆಯ ಗೃಹಸ್ಥರು ಮುಂಗಾರಿಗೆ ಮುನ್ನ ಮಾಳಿಗೆ ಹತ್ತಿ ದೋಣಿಯ ಕಸ ತೆಗೆಯಿಸಿ, ಗೋಡೆಯ ಅರಳಿಯ ಸಸಿಯನ್ನು ಬೇರುಸಹಿತ ಕೀಳಿಸಲಿ. ಲ್ಯಾನ್ಸ್‌ಡೌನ್ ಕಟ್ಟಡದಡಿಯಲ್ಲಿ ಸತ್ತ ನಾಲ್ವರು ಅಂದು ಮುಂಜಾನೆ ಎಂದಿನಂತೆ ಪೇಟೆಗೆ ಬಂದವರು. ಎಂದಿನಂತೆ ಪೇಟೆಗೆ ಬಂದವನು ಎಂದಿನಂತೆ ಮನೆಗೆ ಹಿಂದಿರುಗುವಂತೆ ನೋಡಿಕೊಳ್ಳುವದು ಜೀರ್ಣೋದ್ಧಾರದ ಮೊದಲನೆಯ ಕೆಲಸ.